ಕೆನ್ನೆಗಲ್ಲ, ಹೆಗಲಿಗೆ

ಗೋಕಾಕಕ್ಕೆ ಬಂದವರು ಘಟಪ್ರಭೆಯ ಧುಮುಕನ್ನು ಕಣ್ತುಂಬ ನೋಡಿ, ತೂಗುಸೇತುವೆಯ ಮೇಲೆ ನಾಲ್ಕು ಹೆಜ್ಜೆ ಅಳುಕುತ್ತ ನಡೆದು, ಮರಳುವಾಗ ಕರದಂಟಿನ ಪೊಟ್ಟಣವನ್ನೂ, ಮಕ್ಕಳೊಂದಿಗರಾದರೆ ಬಣ್ಣದ ಮರದ ಹಣ್ಣುಗಳನ್ನೂ ಕೊಂಡೊಯ್ಯುವುದು ರೂಢಿ. ಈ ಸೀಮೆಯ ಮೂರನೆಯ ಪದಾರ್ಥವಾದ ಕರಿಯ ಕಂಬಳಿಯನ್ನು ಅರಸಿಕೊಂಡು ಕುರುಬರ ಓಣಿಗೆ ಹೋಗುವವರು ವಿರಳ. ಹೋದರೂ ಅದನ್ನು ಪರೀಕ್ಷಿಸುವ ಕ್ರಮವನ್ನು ಅರಿತವರು ಇನ್ನೂ ವಿರಳ. ಅರಿಯದವರ ಪಂಕ್ತಿಯಲ್ಲಿ ನಾನೂ ಬಹುಕಾಲ ಕುಳಿತಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಂಡು ಈ ವಾರದ ಮಾತಿಗೆ ತೊಡಗುವೆನು.

ಮೂಡಲಗಿಯ ಸಂತೆಯಲ್ಲಿ ಮೊದಲ ಬಾರಿಗೆ ಕಂಬಳಿ ಕೊಳ್ಳಹೊರಟಾಗ, ಶಾಲಿನ ಅಂಗಡಿಯಲ್ಲಿ ಮಾಡುವಂತೆ ಅದರ ಮೂಲೆಯೊಂದನ್ನೆತ್ತಿ ಕೆನ್ನೆಗೆ ಸವರಿ, ಅದು ಚುಚ್ಚಿದ್ದರಿಂದ ಮುಖ ಕಿವುಚಿದೆ. ಮಾರುತ್ತಿದ್ದ ಮುದುಕಿ ನಕ್ಕುಬಿಟ್ಟಳು. "ಗಲ್ಲಕ್ಕ ತಿಕ್ಕಿ ಏನ ನೋಡ್ತೀರಿ ಸಾಹೇಬ್ರ? ಕಂಬಳಿ ಹೆಗಲಿಗಿ ಹಾಕ್ಕೊಳ್ಳೂದು. ನೀರ ಹಾಕಿ ನೋಡ್ರಿ," ಎಂದವಳೇ ತನ್ನ ತಂಬಿಗೆಯಿಂದ ಒಂದು ಬೊಗಸೆ ನೀರನ್ನು ಅದರ ಮೇಲೆ ಎರಚಿದಳು. ಹನಿಗಳು ಕೆಸುವಿನೆಲೆಯ ಮೇಲೆ ನಿಂತಂತೆ ದುಂಡಗೆ ನಿಂತುವು. ಆಕೆ ಅಂಚು ಹಿಡಿದು ಒಮ್ಮೆ ಕೊಡವಿದೊಡನೆ ಉದುರಿಹೋದುವು. ಒಂದು ವಸ್ತ್ರದ ಗುಣವನ್ನು ಅದು ಯಾವ ಕಾರ್ಯಕ್ಕಾಗಿ ಹುಟ್ಟಿತೋ ಆ ಕಾರ್ಯದಲ್ಲಿಯೇ ಅಳೆಯಬೇಕಲ್ಲದೆ ಬೇರೊಂದು ವಸ್ತ್ರದ ಅಳತೆಗೋಲಿನಿಂದ ಅಳೆಯಲಾಗದೆಂಬ ತರ್ಕವನ್ನು ಯಾವ ಪಂಡಿತನೂ ನನಗೆ ಅಷ್ಟು ಬೇಗ ತಿಳಿಹೇಳಿರಲಿಲ್ಲ.

ಕಂಬಳಿಯ ಒರಟುತನಕ್ಕೆ ಮೂಲ ಕುರಿಯಲ್ಲಿದೆ. ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣಗಳ ಬಯಲಿನಲ್ಲಿ ಹಬ್ಬಿರುವ ದಖನಿ ಕುರಿ ಬಹುಮಟ್ಟಿಗೆ ಕರಿಯದು. ಅದರ ಮೈಮೇಲಿನ ತುಪ್ಪಟದಲ್ಲಿ ಉಣ್ಣೆಯೂ ಕೂದಲೂ ಬೆರೆತಿರುತ್ತವೆ. ಎಳೆ ಮೆರಿನೋ ಕುರಿಯ ಎಳೆಗಿಂತ ಎರಡು ಪಟ್ಟಿಗೂ ಮಿಗಿಲು ದಪ್ಪ. ಆಸ್ಟ್ರೇಲಿಯದ ಮೆರಿನೋ ಉಣ್ಣೆಯನ್ನು ಆದರ್ಶವಾಗಿಟ್ಟುಕೊಂಡ ವ್ಯಾಪಾರದ ಕೋಷ್ಟಕದಲ್ಲಿ ನಮ್ಮ ತುಪ್ಪಟಕ್ಕೆ ಕಟ್ಟಕಡೆಯ ಸಾಲಿನಲ್ಲಿ ಸ್ಥಾನ. ಆದರೆ ಬಿರುಸಾದ ಆ ಕೂದಲೇ ಬಟ್ಟೆಗೆ ಬಿಗುಪನ್ನೂ ಬಾಳಿಕೆಯನ್ನೂ ಕೊಡುವಂಥದು; ಎಳೆಗೆ ಅಂಟಿದ ಸಹಜವಾದ ಜಿಡ್ಡೇ ಮಳೆಯನ್ನು ಹೊರಗೆ ತಡೆಯುವಂಥದು. ಮೇಲಾಗಿ ಉಣ್ಣೆಯು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಒಳಗೆಳೆದುಕೊಂಡೂ ಮುಟ್ಟಿದವರಿಗೆ ಒದ್ದೆಯೆನಿಸದು. ಹಾಗೆ ಎಳೆದುಕೊಳ್ಳುವಾಗ ಅಲ್ಪ ಶಾಖವನ್ನೂ ಹೊರಸೂಸುವುದು. ಹುಕ್ಕೇರಿಯ ಪಡುವಣ ಅಂಚಿನಲ್ಲಿ ಸಹ್ಯಾದ್ರಿಯ ಮಳೆ ಹೊಡೆಯುವಾಗ ಕಂಬಳಿಯನ್ನು ಕೊಪ್ಪೆಯಾಗಿ ಮಡಿಚಿ ತಲೆಗೇರಿಸಿ ದಿನವಿಡೀ ನಿಂತ ಕುರಿಗಾಹಿಗೆ ಈ ಭೌತಶಾಸ್ತ್ರ ಗೊತ್ತಿಲ್ಲ, ಆದರೆ ಅದರ ಫಲವನ್ನು ಅವನು ತಲೆತಲಾಂತರದಿಂದ ಅನುಭವಿಸಿದ್ದಾನೆ.

ಇನ್ನು ನೂಲಿನ ಮಾತು. ನೂಲುವ ಕಸಬೆಂದೊಡನೆ ಗೋಕಾಕದಲ್ಲಿ ಯಾರಿಗಾದರೂ ನೆನಪಾಗುವುದು ಜಲಪಾತದ ನೆತ್ತಿಯಲ್ಲಿರುವ ಗಿರಣಿ. 1885ರಲ್ಲಿ ಅದಕ್ಕಾಗಿಯೇ ಕಂಪನಿಯೊಂದು ಸ್ಥಾಪಿತವಾಗಿ, ಸುಮಾರು 52 ಮೀಟರ್ ಎತ್ತರದಿಂದ ಬೀಳುವ ನೀರಿನ ಶಕ್ತಿಯನ್ನು ಕದಿರು ತಿರುಗಿಸುವುದಕ್ಕೆ ಹೂಡಲಾಯಿತು. ಆದರೆ ಅಲ್ಲಿ ನೂಲಾದದ್ದು ಹತ್ತಿ. ಇದಕ್ಕೆ ಒಂದು ವರುಷ ಮೊದಲು, 1884ರಲ್ಲಿ, ಬೆಂಗಳೂರಿನಲ್ಲಿ ಹುಟ್ಟಿ ಮುಂದೆ ಬಿನ್ನಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಗಿರಣಿ ಹತ್ತಿ, ರೇಷ್ಮೆಗಳೊಡನೆ ಉಣ್ಣೆಯನ್ನೂ ನೇಯ್ದು, ದಂಡಿಗೆ ಬೇಕಾದ ಬಟ್ಟೆಯನ್ನು ಒದಗಿಸಿತು. ಹೀಗೆ ಎರಡು ಮಹಾಯಂತ್ರಾಲಯಗಳು ನಾಡಿನ ಎರಡು ಕಡೆ ಘರ್ಜಿಸುತ್ತಿದ್ದರೂ ಕುರುಬರ ಓಣಿಯ ರಾಟಿಯ ದನಿ ಅಡಗದೆ ಇದ್ದುದೇಕೆಂಬುದು ಯೋಚಿಸತಕ್ಕ ವಿಷಯ. ಪ್ರಾಚೀನತೆಯ ಮೇಲಿನ ಮಮತೆ ಇದಕ್ಕೆ ಕಾರಣವೆಂದು ಹೇಳುವವರುಂಟು. ನನಗೆ ಹಾಗೆ ತೋರದು. ಯಂತ್ರವು ಸಮನಾದ ಎಳೆಯನ್ನು ಬಯಸುವುದು. ದಖನಿ ತುಪ್ಪಟವೋ ಗಿಡ್ಡ ಉದ್ದ, ತೆಳು ದಪ್ಪಗಳ ಒಂದು ಮಿಶ್ರಸಂತಾನ. ಬೆರಳು ಮಾತ್ರ ಅದರ ಹಟವನ್ನರಿತು, ದಪ್ಪ ಬಂದಲ್ಲಿ ಸಡಿಲಿಸಿ, ತೆಳುವಾದಲ್ಲಿ ಹುರಿ ಹೆಚ್ಚಿಸಿ ಎಳೆಯಬಲ್ಲುದು. ಆ ಕಾಲದಲ್ಲಿ ಕೈಗಸಬನ್ನು ಕಾಪಾಡಿದುದು ಕುರಿಯ ಮೊಂಡುತನವೇ ಎಂಬುದು ನನ್ನ ಎಣಿಕೆ. ಕುರುಬರಲ್ಲಿ ಹತ್ತಿಕಂಕಣ, ಉಣ್ಣೆಕಂಕಣವೆಂದು ಎರಡು ಪಂಗಡಗಳಿರುವುದೂ, ಮದುವೆಯಲ್ಲಿ ಮಣಿಕಟ್ಟಿಗೆ ಕಟ್ಟುವ ದಾರ ಯಾವುದೆಂಬುದರಿಂದಲೇ ಅವಕ್ಕೆ ಆ ಹೆಸರು ಬಂದಿರುವುದೂ ಎಷ್ಟು ಸೊಗಸಾದ ಸಂಗತಿ! ಗಿರಣಿ ಬರುವುದಕ್ಕೆ ಎಷ್ಟೋ ಮೊದಲೇ ಈ ಎರಡು ನೂಲುಗಳು ನಮ್ಮ ಜನದ ಕೈಯಲ್ಲಿ ತಮ್ಮ ತಮ್ಮ ಗಂಟು ಹಾಕಿಕೊಂಡಿದ್ದುವು.

ಕಂಬಳಿಯಾಗುವ ಬಗೆಯನ್ನು ನೋಡಬೇಕಾದರೆ ಅರ್ಧ ಕೆಲಸ ಮನೆಯೊಳಗೂ ಅರ್ಧ ಬೀದಿಯಲ್ಲೂ ನಡೆಯುವುದರಿಂದ ಎರಡೂ ಕಡೆ ಸುಳಿದಾಡಬೇಕು. ವರ್ಷಕ್ಕೆರಡು ಬಾರಿ ಕುರಿಯನ್ನು ಹೊಳೆಯಲ್ಲಿ ಮೀಯಿಸಿ ಕತ್ತರಿಯಾಡಿಸುವರು. ಮರಿಯ ಮೊದಲ ತುಪ್ಪಟವೇ ಅತ್ಯಂತ ಮೆತ್ತನೆಯದು. ಅದನ್ನೇ ಕೂಡಿಸಿಟ್ಟು ನೇಯ್ದ ಕಂಬಳಿ ಕೈಗೆ ಬಂದವನು ಅದನ್ನು ಮಾರದೆ ಮಗಳ ಮದುವೆಗೆ ಎತ್ತಿಡುವನು. ಒಂದು ಕುರಿ ವರ್ಷದಲ್ಲಿ ಕೊಡುವ ತುಪ್ಪಟ ಒಂದು ಕಿಲೋವಿನೊಳಗೇ. ಆದಕಾರಣ ಒಂದು ಕಂಬಳಿಯೊಳಗೆ ಹಲವು ಕುರಿಗಳು ಸೇರಿರುತ್ತವೆ. ಒಂದು ಕಂಬಳಿಗೆ ಸಲ್ಲುವ ನೂರು ಪಲ ಉಣ್ಣೆಗೆ 'ಕಂಬಲ್ಯ'ವೆಂದು ಹೆಸರಿದ್ದುದನ್ನು ಪಾಣಿನಿಯ ವ್ಯಾಕರಣದ ವ್ಯಾಖ್ಯಾನಕಾರರು ತಿಳಿಸುತ್ತಾರೆ. ಕಂಬಳಿಗೂ ಒಂದು ಪ್ರಮಾಣದ ತೂಕವಿರಬೇಕೆಂಬ ವಿವೇಕ ಅಷ್ಟು ಹಳೆಯದು. ಬಣ್ಣದ ಮೇಲೆ ಕರಿದು, ಬೂದು, ಬಿಳಿದು ಎಂದು ವಿಂಗಡಿಸಿ, ಬಿಲ್ಲಿನಿಂದ ಹಿಂಜಿ ಹಂಜಿ ಮಾಡಿ, ಹೆಂಗಸರು ರಾಟಿಯ ಮೇಲೆ ನೂಲುವರು. ಬಣ್ಣ ಹಾಕುವ ಪದ್ಧತಿಯಿಲ್ಲ. ಅಂಚಿನ ಬಿಳಿಯ ಗೆರೆಯೂ ಬಿಳಿಯ ಕುರಿಯ ಕೊಡುಗೆ.

ನನಗೆ ಅತ್ಯಂತ ಪ್ರಿಯವಾದ ಘಟ್ಟ ಸರಿ ಹಾಕುವುದು. ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ ಅರೆದು ಕುದಿಸಿದ ಗಂಜಿಗೆ ನೇಕಾರರು 'ಸರಿ' ಎನ್ನುವರು. ಮುಂಜಾವಿನಲ್ಲಿ ಓಣಿಯ ಉದ್ದಕ್ಕೂ ಗೂಟಗಳನ್ನು ನೆಟ್ಟು, ಹಾಸಿನ ಎಳೆಗಳನ್ನು ಬಿಗಿಯಾಗಿ ಹರವಿ, ಗಂಡಸರಿಬ್ಬರು ಎದುರುಬದುರಾಗಿ ನಿಂತು ದೊಡ್ಡ ಕುಂಚದಿಂದ ಈ ಸರಿಯನ್ನು ಒಂದೇ ದಿಕ್ಕಿಗೆ ಬಳಿಯುತ್ತ ಹೋಗುವಾಗ, ಎತ್ತಿನ ಬಂಡಿಯವನೂ ಈಗಿನ ಮೋಟಾರ್ ಸೈಕಲ್ಲಿನವನೂ ಗೊಣಗದೆ ಸುತ್ತು ಹಾಕಿಕೊಂಡು ಹೋಗುವುದನ್ನು ಕಂಡಿದ್ದೇನೆ. ಸರಿ ತೆಳುವಾದರೆ ಎಳೆ ಮಗ್ಗದಲ್ಲಿ ನೊರೆಯಂತೆ ಎದ್ದು ಒಂದಕ್ಕೊಂದು ಹೆಣೆದುಕೊಳ್ಳುವುದು. ಗಟ್ಟಿಯಾದರೆ ಕಡ್ಡಿಯಂತೆ ಮುರಿಯುವುದು. ಅಳತೆಯ ಪಾತ್ರೆಯಿಲ್ಲ; ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಎಳೆದು ನೋಡುವುದೊಂದೇ ಪರೀಕ್ಷೆ. ಆಮೇಲೆ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರ, ಲಾಳಿಯನ್ನು ಕೈಯಿಂದಲೇ ದಾಟಿಸಿ, ಕತ್ತಿಯಾಕಾರದ ಮರದ ಹಲಗೆಯಿಂದ ಹೊಕ್ಕನ್ನು ಬಡಿದು ಕೂರಿಸುವಾಗ ಏಳುವ ದಪ್ಪನೆಯ ಸದ್ದು ನೆಲದ ಮೂಲಕ ನಮ್ಮ ಅಂಗಾಲಿಗೆ ಮುಟ್ಟುವುದು. ಒಳ್ಳೆಯ ಕಂಬಳಿಯನ್ನು ಬೆಳಕಿಗೆ ಹಿಡಿದರೆ ಒಂದು ಕಿಂಡಿಯೂ ಕಾಣಬಾರದು. ಕಂಬಳಿಯಲ್ಲಿ ಉಣ್ಣುತ್ತ ಕೂದಲು ಆರಿಸಬಾರದೆಂದು ಗಾದೆಯಿದೆ. ಕೊಳ್ಳುವಾಗ ಮಾತ್ರ ಆರಿಸಬೇಕು, ಏಕೆಂದರೆ ಕೈಗೆ ಕಿತ್ತು ಬರುವ ಕೂದಲು ಹೆಚ್ಚಾದಷ್ಟೂ ಹುರಿ ಸಡಿಲ.

ಹೀಗೆ ಉಪದೇಶಿಸುವ ನಾನೇ ಮಾಡಿದ ಅಪರಾಧವೊಂದನ್ನು ಮುಚ್ಚಿಡಲಾರೆ. ಹೊಸ ಕಂಬಳಿಗೆ ಕುರಿಯ ವಾಸನೆಯಿರುವುದೆಂದು ಹೇಸಿ, ಬಿಸಿನೀರಿನಲ್ಲಿ ಸಾಬೂನಿನ ಪುಡಿ ಕರಗಿಸಿ, ಅದನ್ನು ಒಂದು ರಾತ್ರಿ ನೆನೆಹಾಕಿ, ಬೆಳಗ್ಗೆ ಒಗೆಯುವ ಕಲ್ಲಿಗೆ ಬಡಿದೆ. ಜಿಡ್ಡು ಹೋಯಿತು, ಸರಿ ಹೋಯಿತು, ಎಳೆಯ ಮೇಲಿನ ಸೂಕ್ಷ್ಮವಾದ ಹೊಪ್ಪಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಮುದುಡಿತು. ಆಳುದ್ದದ ಕಂಬಳಿ ಬಾಲಕನ ಹೊದಿಕೆಯಾಯಿತು. ವಾಸನೆ ಮಾತ್ರ ಉಳಿಯಿತು. ಕಂಬಳಿಯನ್ನು ಬಿಸಿಲಿಗೆ ಹರವಿ ಕೋಲಿನಿಂದ ಧೂಳು ಕೊಡವಿದರೆ ಸಾಕು, ಇದಕ್ಕಿಂತ ಹೆಚ್ಚಿನ ಮಡಿ ಅದಕ್ಕೆ ಬೇಡ.

ಗಿರಣಿಗೆ ಮಣಿಯದ ಈ ಕಸಬು ಈಗ ಸೊರಗಿರುವುದು ಬೇರೆಯೇ ಎರಡು ಕಾರಣಗಳಿಂದ. ಧೂಪದಾಳದ ಒಡ್ಡಿನಿಂದಲೂ ಹಿಡಕಲ್ ಜಲಾಶಯದಿಂದಲೂ ಕಾಲುವೆ ಹರಿದು ಎರೆಯ ಹೊಲಗಳು ಕಬ್ಬಿನ ಗದ್ದೆಗಳಾದುವು; ಸುಗ್ಗಿಯ ಮೇಲೆ ಬೀಡುಬಿಟ್ಟು ಮೇಯುತ್ತಿದ್ದ ಹಿಂಡಿಗೆ ವರ್ಷವಿಡೀ ಹಸುರಾಗಿ ನಿಂತ ಕಬ್ಬಿನ ಕೋಟೆಯೊಳಗೆ ಕಾಲಿಡಲು ಎಡೆಯಿಲ್ಲ. ರೈತನ ಏಳಿಗೆಯನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೆ ಹಿಂಡನ್ನು ಹೊಲದಲ್ಲಿ ನಿಲ್ಲಿಸಿ ಗೊಬ್ಬರ ಪಡೆದು ಕುರಿಗಾಹಿಗೆ ಕಾಳು ಕೊಡುತ್ತಿದ್ದ ಹಳೆಯ ಲೆಕ್ಕ ಇದರಿಂದ ಮುರಿಯಿತೆಂಬುದನ್ನು ಹೇಳಲೇಬೇಕು. ಎರಡನೆಯದು ಮಾಂಸದ ಬೆಲೆ. ತುಪ್ಪಟವಿಲ್ಲದ, ಬೇಗ ಬೆಳೆದು ತೂಕ ಬರುವ ಯಳಗ, ಮಡಗ್ಯಾಳ ಕುರಿಗಳು ಹಿಂಡಿನೊಳಗೆ ಬಂದಷ್ಟೂ ದಖನಿ ಕುರಿ ಹೊರಹೋಗುತ್ತಿದೆ. ಕತ್ತರಿಸುವವನಿಗೆ ಕೊಡುವ ಕೂಲಿ ತುಪ್ಪಟದ ಬೆಲೆಯನ್ನು ಮೀರಿದುದರಿಂದ ಕೆಲವರು ಕತ್ತರಿಸಿದ್ದನ್ನು ಬೇಲಿಯ ಬದಿಗೆ ಎಸೆದು ನಡೆಯುತ್ತಾರೆ. ಸಣ್ಣಪುಟ್ಟ ಸಂಸ್ಥೆಗಳೂ ಕೆಲವು ಯುವಕರೂ ಈ ಉಣ್ಣೆಯಿಂದ ಚೀಲ, ಚಾಪೆ, ಪಾದರಕ್ಷೆಗಳನ್ನು ಮಾಡಿಸಿ ಪಟ್ಟಣಕ್ಕೆ ಕಳಿಸುತ್ತಿದ್ದಾರೆ. ಅವರಿಗೆ ಶುಭವಾಗಲಿ, ಆದರೂ ಕಂಬಳಿಯನ್ನು ಕತ್ತರಿಸಿ ಹೊಲಿದದ್ದನ್ನು ನೋಡಿದಾಗ ನನ್ನ ಹಳೆಗಾಲದ ಮನಸ್ಸು ಕೊಂಚ ಮುರುಟುವುದು.

ವಿಚಿತ್ರವೆಂದರೆ ಹೊದೆಯುವವರು ಕಡಿಮೆಯಾಗುತ್ತಿರುವ ಈ ಕಾಲದಲ್ಲಿಯೇ ಕಂಬಳಿ ವೇದಿಕೆಯನ್ನೇರಿದೆ. ಬೀರಪ್ಪನ ಗುಡಿಯಲ್ಲಿ ಗದ್ದಿಗೆಯಾಗಿ ಹಾಸುತ್ತಿದ್ದುದು ಈಗ ಸಭೆಗಳಲ್ಲಿ ಗಣ್ಯರ ಹೆಗಲನ್ನು ಐದು ನಿಮಿಷ ಅಲಂಕರಿಸಿ, ಹೂಮಾಲೆಯೊಡನೆ ಕಾರಿನ ಹಿಂದಿನ ಸೀಟಿಗೆ ಹೋಗುತ್ತದೆ. ಕಳೆದ ಮಳೆಗಾಲಕ್ಕೆ ಮುಂಚೆ, ಮುದುಡಿಹೋದುದರ ಬದಲಿಗೆ ಇನ್ನೊಂದನ್ನು ತರಲು ಹುಕ್ಕೇರಿಯ ಕಡೆಯ ಹಳ್ಳಿಯೊಂದರಲ್ಲಿ ನೇಕಾರನ ಮನೆಯ ಹೊಸ್ತಿಲಲ್ಲಿ ನಿಂತಾಗ, ಆತ ಮಗ್ಗದ ಕುಣಿಯಿಂದ ತಲೆಯೆತ್ತಿ ಕೇಳಿದ್ದು ಒಂದೇ ಪ್ರಶ್ನೆ: "ಸನ್ಮಾನಕ್ಕ ಬೇಕೋ ಯಪ್ಪಾ, ಹೊದಿಯಾಕ ಬೇಕೋ?"

ಹೊದೆಯುವುದಕ್ಕೆ ಎಂದೆ. ಆತ ಬಾಗಿಲ ಬಳಿ ಅಂದವಾಗಿ ಮಡಿಚಿಟ್ಟಿದ್ದ, ಗಿರಣಿಯ ನೂಲು ಬೆರೆತ ಹಗುರವಾದ ಅಟ್ಟಿಯನ್ನು ಪಕ್ಕಕ್ಕೆ ಸರಿಸಿ, ಅಟ್ಟದ ಕಡೆ ಮುಖಮಾಡಿ, ಕೆಳಗಿನದು ತಗೊಂಡು ಬಾ ಎಂದು ಹೆಂಡತಿಯನ್ನು ಕೂಗಿದ.