ಸಂಸತ್ತಿನ ಕನ್ನಡ: ಕೆಲವು ಪಾರಿಭಾಷಿಕ ಶಬ್ದಗಳ ವಿಮರ್ಶೆ

ಯಾವ ಶಾಸ್ತ್ರದಲ್ಲಿಯಾದರೂ ಸಂಜ್ಞೆಗಳು ಮೊದಲು, ವಿಧಿಗಳು ಆಮೇಲೆ. ಪಾಣಿನಿಯು ವೃದ್ಧಿ, ಗುಣ ಎಂಬ ಸಂಜ್ಞೆಗಳನ್ನು ಮಾಡಿದಾಗ ಅವುಗಳ ಲೋಕರೂಢಿಯ ಅರ್ಥವೇನೆಂದು ಯಾರೂ ಕೇಳಲಿಲ್ಲ; ಆ ಸೂತ್ರಗಳನ್ನು ಓದತಕ್ಕವನು ಗುರುವಿನ ಮುಂದೆ ವರ್ಷಗಟ್ಟಲೆ ಕುಳಿತುಕೊಳ್ಳಲು ಸಿದ್ಧನಾಗಿಯೇ ಬಂದವನು. ದೇಶದ ಶಾಸನಕ್ಕೆ ಈ ಸೌಕರ್ಯವಿಲ್ಲ. ಅದು ಓದಿದವನನ್ನೂ ಓದದವನನ್ನೂ ಸಮನಾಗಿ ಕಟ್ಟುವುದು. ಆದುದರಿಂದ ಶಾಸನದ ಪರಿಭಾಷೆಯನ್ನು ಪರೀಕ್ಷಿಸುವಾಗ ವ್ಯುತ್ಪತ್ತಿ ಶುದ್ಧವಾಗಿದೆಯೇ ಎಂಬುದೊಂದನ್ನೇ ನೋಡಿದರೆ ಸಾಲದು. ಶಬ್ದವು ಕೇಳುವವನಿಗೆ ನಡೆಯುತ್ತಿರುವ ಕಾರ್ಯವನ್ನು ತೋರಿಸುವುದೇ, ಮರೆಸುವುದೇ ಎಂಬುದನ್ನೂ ನೋಡಬೇಕು.

ನಮ್ಮ ಸಂಸತ್ತಿನ ಎರಡು ಸದನಗಳನ್ನೂ ಅಲ್ಲಿ ಶಾಸನ ಹುಟ್ಟುವ ಕ್ರಮವನ್ನೂ ಕನ್ನಡದಲ್ಲಿ ಹೇಳುವುದಕ್ಕೆ ಈಗ ಎರಡು ಬಗೆಯ ಮಾತುಗಳಿವೆ: ಸರಕಾರದ ಅನುವಾದದ ಮಾತು ಒಂದು, ವೃತ್ತಪತ್ರಿಕೆಗಳ ಮಾತು ಇನ್ನೊಂದು. ಇವೆರಡನ್ನೂ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಓದುಗನ ಕಿವಿಯಿಂದ ಕೇಳಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಈ ನಾಲ್ಕೂ ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿದವು. ಕೃಷ್ಣರಾಜಸಾಗರದ ನಾಲೆಯನ್ನೋ ಹೇಮಾವತಿಯ ನಾಲೆಯನ್ನೋ ನಂಬಿದ ಇಲ್ಲಿನ ಒಕ್ಕಲಿಗೆ, ದಿಲ್ಲಿಯ ಎರಡು ಸದನಗಳು 1956ರಲ್ಲಿ ಮಾಡಿದ ಅಂತರರಾಜ್ಯ ಜಲವಿವಾದ ಅಧಿನಿಯಮವು ದೂರದ ವಿಷಯವಲ್ಲ. ಅವನ ಗದ್ದೆಯ ಮಡುವಿನವರೆಗೆ ಅದರ ಕೈ ಚಾಚಿದೆ.

ಮೊದಲು ಸದನಗಳ ಹೆಸರು. ಲೋಕಸಭೆ, ರಾಜ್ಯಸಭೆ ಎಂಬ ಹೆಸರುಗಳು 1954ರಲ್ಲಿ ರೂಢಿಗೆ ಬಂದವು. ಲೋಕ ಶಬ್ದಕ್ಕೆ ಕನ್ನಡದಲ್ಲಿ ಜಗತ್ತು ಎಂಬ ಅರ್ಥವೇ ಮುಂದಾದರೂ ಲೋಕರೂಢಿ, ಲೋಕಾಪವಾದ ಮೊದಲಾದ ಕಡೆ ಜನರು ಎಂಬ ಅರ್ಥ ಉಳಿದಿರುವುದರಿಂದ ಮೊದಲನೆಯ ಹೆಸರಿಗೆ ಬಾಧಕವಿಲ್ಲ. ಎರಡನೆಯದರಲ್ಲಿ ತೊಡಕುಂಟು. ಅದು ರಾಜ್ಯಗಳ ಸಭೆ. ಆದರೆ ಸಮಾಸವಾದೊಡನೆ ಪೂರ್ವಪದದ ವಚನ ಮರೆಯಾಗುವುದು ವ್ಯಾಕರಣದ ಸ್ವಭಾವ. ಬಹುವಚನವು ಕಣ್ಣಿಗೆ ಬೀಳದೆ ಹೋದಾಗ ವಿದ್ಯಾರ್ಥಿಯು ಇದನ್ನು ಇಡೀ ರಾಜ್ಯದ ದೊಡ್ಡ ಸಭೆಯೆಂದು ತಿಳಿಯುವನು. ಕರ್ನಾಟಕವೆಂಬ ರಾಜ್ಯಕ್ಕೆ ಅಲ್ಲಿ 12 ಸ್ಥಾನಗಳಿವೆಯೆಂದೂ, ಅವನ್ನು ತುಂಬುವವರು ತಾವು ಆರಿಸಿ ಕಳುಹಿದ ಶಾಸಕರೇ ಎಂದೂ, ಆ ಸದನವು ಒಮ್ಮೆಗೇ ವಿಸರ್ಜನೆಯಾಗದೆ ಎರಡು ವರ್ಷಕ್ಕೊಮ್ಮೆ ಸುಮಾರು ಮೂರರಲ್ಲೊಂದು ಭಾಗ ಸದಸ್ಯರು ನಿವೃತ್ತರಾಗುವರೆಂದೂ ಬೇರೆಯಾಗಿ ಹೇಳಬೇಕಾಗುವುದು. ಇನ್ನು ಪತ್ರಿಕೆಗಳ ಮೇಲ್ಮನೆ, ಕೆಳಮನೆಗಳು ಕೇಳುವುದಕ್ಕೆ ಅಚ್ಚಕನ್ನಡವಾಗಿ ಚೆನ್ನಾಗಿವೆ. ಆದರೆ ಕನ್ನಡದಲ್ಲಿ ಮೇಲು ಎಂದರೆ ಶ್ರೇಷ್ಠ, ಕೀಳು ಎಂದರೆ ಅಲ್ಪ. ಹಣದ ವಿಷಯದಲ್ಲಿ 14 ದಿನದೊಳಗೆ ಮಾತು ಮುಗಿಸಬೇಕಾದ ಮನೆ ಮೇಲಿನದು, ಕೊನೆಯ ಮಾತು ಆಡುವ ಮನೆ ಕೆಳಗಿನದು!

ಇದಕ್ಕೆ ಹೋಲಿಸಿದರೆ ಹಿಂದಿನ ಮೈಸೂರು ಸಂಸ್ಥಾನದ ಹೆಸರುಗಳು ಎಷ್ಟೋ ವಿಶದವಾದವು. ದಿವಾನ್ ರಂಗಾಚಾರ್ಯರ ಕಾಲದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. ಒಂದರ ಹೆಸರು ಸದಸ್ಯರು ಯಾರ ಪರವಾಗಿ ಬಂದವರೆಂಬುದನ್ನು ಹೇಳುವುದು. ಇನ್ನೊಂದರ ಹೆಸರು ಸಭೆ ಮಾಡತಕ್ಕ ಕೆಲಸವನ್ನು ಹೇಳುವುದು. 1923ರ ಸುಧಾರಣೆಯ ಮೇಲೆ, ಹೊಸ ಕಾಯಿದೆಯ ಸಾಮಾನ್ಯ ತತ್ತ್ವಗಳನ್ನು ಮೊದಲು ಪ್ರತಿನಿಧಿ ಸಭೆಯ ಮುಂದಿಟ್ಟು ಅಭಿಪ್ರಾಯ ಕೇಳಿ, ಆಮೇಲೆ ವಿಧಾಯಕ ಸಭೆಯಲ್ಲಿ ಅದನ್ನು ತರುವ ಕ್ರಮ ಏರ್ಪಟ್ಟಿತು. ಆ ಸಭೆಗಳಿಗಿದ್ದ ಅಧಿಕಾರ ಪರಿಮಿತವಾದದ್ದು, ಮತಾಧಿಕಾರವೂ ಕೆಲವರದೇ, ಅದನ್ನು ಮುಚ್ಚಬೇಕಾಗಿಲ್ಲ. ಹೆಸರಿನ ಮಟ್ಟಿಗೆ ಮಾತ್ರ ಅವರು ನಮಗಿಂತ ಜಾಣರು.

ಇಲ್ಲಿ ಒಂದು ಮಾತನ್ನು ಪ್ರಸಂಗವಶಾತ್ ಹೇಳಬೇಕು. ಅಥರ್ವವೇದದಲ್ಲಿ ಸಭೆ, ಸಮಿತಿಗಳನ್ನು ಪ್ರಜಾಪತಿಯ ಇಬ್ಬರು ಪುತ್ರಿಯರೆಂದು ಹೇಳಿರುವುದನ್ನು ಹಿಡಿದು, ಎರಡು ಸದನಗಳ ಪದ್ಧತಿ ನಮ್ಮಲ್ಲಿ ವೇದಕಾಲದಿಂದಲೂ ಇತ್ತೆಂದು ಸಾಧಿಸುವ ಉಪನ್ಯಾಸಗಳು ಆಗಾಗ ಕಿವಿಗೆ ಬೀಳುವುವು. ಎರಡಿದ್ದ ಮಾತ್ರಕ್ಕೆ ಒಂದು ಮಾಡಿದ ವಿಧಿಯನ್ನು ಇನ್ನೊಂದು ತಿದ್ದಿ ಹಿಂದಿರುಗಿಸುತ್ತಿತ್ತೆಂದು ಆಗದು. ಧರ್ಮಶಾಸ್ತ್ರಗಳಲ್ಲಿ ಸಭೆ ಎಂದರೆ ಬಹುಮಟ್ಟಿಗೆ ನ್ಯಾಯಸ್ಥಾನ. ಮನು ಹೇಳುವ ಪರಿಷತ್ತು ಸಂದಿಗ್ಧವಾದ ಧರ್ಮವನ್ನು ನಿರ್ಣಯಿಸುವ ವಿದ್ವಾಂಸರ ಕೂಟ. ಅವರು ಇರುವ ಧರ್ಮವನ್ನು ಕಂಡು ಹೇಳುವವರು, ಹೊಸದನ್ನು ಮಾಡುವವರಲ್ಲ. ಸಂಸ್ಕೃತಾಭಿಮಾನಕ್ಕೆ ಇಂತಹ ಊರೆಗೋಲು ಬೇಡ.

ಈಗ ಮುಖ್ಯವಾದ ಶಬ್ದಕ್ಕೆ ಬರೋಣ. ಸದನದಲ್ಲಿ ತರುವ ಶಾಸನದ ಕರಡಿಗೆ ಸರಕಾರದ ಕನ್ನಡ ವಿಧೇಯಕ ಎನ್ನುವುದು, ಪತ್ರಿಕೆಗಳ ಕನ್ನಡ ಮಸೂದೆ ಎನ್ನುವುದು. ಮೀಮಾಂಸೆ ಓದಿದವನಿಗೆ ವಿಧೇಯಕದಲ್ಲಿ ದೋಷ ಕಾಣದು. ವಾಕ್ಯದಲ್ಲಿ ಉದ್ದೇಶ್ಯ, ವಿಧೇಯ ಎಂಬ ಎರಡು ಭಾಗಗಳು. ಯಾವುದನ್ನು ಹೊಸದಾಗಿ ವಿಧಿಸಬೇಕೋ ಅದು ವಿಧೇಯ. ಇನ್ನೂ ವಿಧಿಯಾಗದ, ವಿಧಿಯಾಗಬೇಕೆಂದು ಬಂದಿರುವ ವಾಕ್ಯಕ್ಕೆ ಇದಕ್ಕಿಂತ ಶಾಸ್ತ್ರೀಯವಾದ ಹೆಸರು ದೊರಕುವುದು ಕಷ್ಟ. ಆದರೆ ಕನ್ನಡಿಗನು ಈ ಶಬ್ದವನ್ನು ಮೀಮಾಂಸೆಯಲ್ಲಿ ಕಲಿತವನಲ್ಲ. ರಜಾ ಬೇಡುವ ಪತ್ರದ ಕೊನೆಯಲ್ಲಿ ತಮ್ಮ ವಿಧೇಯ ವಿದ್ಯಾರ್ಥಿ ಎಂದು ಬರೆದು ಕಲಿತವನು. ಅವನಿಗೆ ವಿಧೇಯನೆಂದರೆ ಹೇಳಿದಂತೆ ಕೇಳುವವನು. ಚರ್ಚಿಸಬೇಕಾದ, ತಿದ್ದಬೇಕಾದ, ಬೇಡವೆನಿಸಿದರೆ ತಳ್ಳಿಹಾಕಬೇಕಾದ ಕರಡಿಗೆ ವಿಧೇಯತೆಯ ವಾಸನೆಯುಳ್ಳ ಹೆಸರು ಬಂದುದು ಅನರ್ಥಕರ.

ಮಸೂದೆಯಾದರೋ ಅರಬ್ಬಿಯ ಶಬ್ದ. ಕಪ್ಪು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಮಸಿ ಹತ್ತಿದ ಹಾಳೆ, ಇನ್ನೂ ಶುದ್ಧಪ್ರತಿಯಾಗದ ಬರಹ ಎಂಬುದು ಅದರ ಭಾವ. ಅಂತಹ ಬರಹದ ಮೇಲೆ ಗೀಟು ಹಾಕಬಹುದು, ಬದಿಯಲ್ಲಿ ಬರೆಯಬಹುದು. ಸದನದಲ್ಲಿ ಖಂಡ ಖಂಡವಾಗಿ ನಡೆಯುವ ಪರ್ಯಾಲೋಚನೆಗೂ ತಿದ್ದುಪಡಿಗೂ ಇದಕ್ಕಿಂತ ಒಪ್ಪುವ ಚಿತ್ರವಿಲ್ಲ. ಅನ್ಯಭಾಷೆಯದೆಂಬ ಆಕ್ಷೇಪವನ್ನು ಶ್ರೀರಂಗಪಟ್ಟಣದ ಸುತ್ತಿನವರು ಎತ್ತಲಾರರು. ಟಿಪ್ಪುವಿನ ಆಡಳಿತದಲ್ಲಿ ಪಾರಸಿಯು ದಫ್ತರದ ಭಾಷೆಯಾಗಿ ಬಳಕೆಗೊಂಡ ಊರು ಅದು. ಖಾತೆ, ಪಹಣಿಗಳ ಪಕ್ಕದಲ್ಲಿ ಜಮಾಬಂದಿ, ತಹಶೀಲುದಾರ, ಶಿರಸ್ತೆದಾರರೂ ರೈತನ ಮನೆಮಾತಾಗಿ ಎಷ್ಟೋ ತಲೆಮಾರುಗಳಾದುವು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು ಮಸೂದೆಯ ಪರವಾಗಿ ವಾದಿಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಶಬ್ದದ ಕುಲಕ್ಕಿಂತ ಅದರ ನಡತೆಯನ್ನು ನೋಡಬೇಕೆಂಬುದು ನನ್ನ ಪಕ್ಷ.

ಹೆಸರು ಬದಲಾದರೇನು, ವಸ್ತು ಒಂದೇ ಅಲ್ಲವೆ ಎಂದು ಕೇಳುವವರುಂಟು. ಅತ್ತಿಕುಪ್ಪೆ ಕೃಷ್ಣರಾಜಪೇಟೆಯಾಯಿತು, ಹಿರೋಡೆಯು ಫ್ರೆಂಚ್ ರಾಕ್ಸ್ ಎನಿಸಿಕೊಂಡು ಕಡೆಗೆ ಪಾಂಡವಪುರವಾಯಿತು, ಯಾರಿಗೂ ದಾರಿ ತಪ್ಪಲಿಲ್ಲ. ನಿಜ. ಊರಿಗೆ ಹೋಗುವವನ ಕಾಲಿಗೆ ದಾರಿ ಗೊತ್ತಿರುವುದು. ಕಣ್ಣಿಗೆ ಕಾಣದ ಕಾರ್ಯವಿಧಾನದಲ್ಲಿ ಶಬ್ದವೇ ದಾರಿ.

ಹಾಗೆಂದು ಪತ್ರಿಕೆಗಳ ಭಾಷೆ ನಿರ್ದುಷ್ಟವಾದುದಲ್ಲ. ಮಸೂದೆಯನ್ನು ಮಂತ್ರಿಮಂಡಲ ಒಪ್ಪಿದರೆ ಅನುಮೋದನೆ, ಲೋಕಸಭೆ ಅಂಗೀಕರಿಸಿದರೆ ಅನುಮೋದನೆ, ರಾಷ್ಟ್ರಪತಿಗಳು ಸಮ್ಮತಿಸಿದರೆ ಅದೂ ಅನುಮೋದನೆ. ಓದುವವನಿಗೆ ಮಸೂದೆ ಯಾವ ಮೆಟ್ಟಿಲಲ್ಲಿದೆಯೆಂದು ಹೇಗೆ ತಿಳಿಯಬೇಕು? ಒಂದು ಸದನ ಅಂಗೀಕರಿಸಿದ ಮೇಲೆಯೂ ಅದು ಮಸೂದೆಯೇ; ಎರಡನೆಯ ಸದನವು ಅದೇ ರೂಪದಲ್ಲಿ ಒಪ್ಪಿದ ಮೇಲೆಯೂ ಮಸೂದೆಯೇ. ಸಂವಿಧಾನದ 111ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳ ಸಮ್ಮತಿ ದೊರೆತ ಮೇಲಷ್ಟೇ ಕಾಯಿದೆ. ಕನ್ನಡದಲ್ಲಿ ಇದಕ್ಕೆ ಮೂರು ಶಬ್ದಗಳು ಸಿದ್ಧವಾಗಿವೆ: ಒಪ್ಪಿಗೆ, ಅಂಗೀಕಾರ, ಅಂಕಿತ. ಒಂದೊಂದು ಮೆಟ್ಟಿಲಿಗೆ ಒಂದೊಂದನ್ನು ನಿಯಮಿಸಿಬಿಟ್ಟರೆ ಆಯಿತು. ಅಂಕಿತವಂತೂ ಬಹು ಸೊಗಸಾದ ಆಯ್ಕೆ. ವಿಜಯನಗರದ ತಾಮ್ರಶಾಸನಗಳ ಕೊನೆಯಲ್ಲಿ, ಸಂಸ್ಕೃತವೆಲ್ಲ ನಾಗರಿಯಲ್ಲಿ ಮುಗಿದ ಬಳಿಕ, ಶ್ರೀ ವಿರೂಪಾಕ್ಷ ಎಂಬ ಒಪ್ಪ ಕನ್ನಡ ಅಕ್ಷರಗಳಲ್ಲಿ ಬರುವುದನ್ನು ಶಾಸನಾಭ್ಯಾಸಿಗಳು ಬಲ್ಲರು. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6 ಮತ್ತು 7ನೆಯ ಸಂಪುಟಗಳಲ್ಲಿ ಈ ನಾಲ್ಕು ತಾಲ್ಲೂಕುಗಳ ಶಾಸನಗಳೂ ಸೇರಿವೆ. ಅವನ್ನು ಬೋಧಿಸುವ ಅಧ್ಯಾಪಕರು ಹಳೆಯ ಒಪ್ಪದಿಂದ ಹೊಸ ಅಂಕಿತಕ್ಕೆ ಸುಲಭವಾಗಿ ದಾಟಬಹುದು.

ಹಣಕಾಸು ಮಸೂದೆ ಎಂಬುದರಲ್ಲಿ ಇನ್ನೊಂದು ಗೊಂದಲವಿದೆ. 110ನೆಯ ಅನುಚ್ಛೇದವು ಲಕ್ಷಣ ಹೇಳಿದ ಧನ ವಿಧೇಯಕವೂ, ವರ್ಷವರ್ಷವೂ ತೆರಿಗೆಗಾಗಿ ಬರುವ ಹಣಕಾಸು ವಿಧೇಯಕವೂ ಪತ್ರಿಕೆಗಳಲ್ಲಿ ಒಂದೇ ಹೆಸರಿನಲ್ಲಿ ಓಡಾಡುವುದುಂಟು. ಧನ ವಿಧೇಯಕ ಲೋಕಸಭೆಯಲ್ಲಿಯೇ ಹುಟ್ಟತಕ್ಕದ್ದು. ರಾಜ್ಯಸಭೆಯು ಅದನ್ನು ಕುರಿತು ಶಿಫಾರಸು ಮಾತ್ರ ಮಾಡಬಲ್ಲದು. ಶಿಫಾರಸು ಎಂಬ ಈ ಶಬ್ದಕ್ಕೆ ನಾನು ಮೆಚ್ಚಿಗೆ ಸೂಚಿಸಲೇಬೇಕು. ಶಿಫಾರಸು ಪತ್ರ ಹಿಡಿದು ಹೋದವನಿಗೆಲ್ಲ ಗೊತ್ತು, ಅದನ್ನು ಕೇಳುವುದೂ ಬಿಡುವುದೂ ಎದುರಿನವನ ಇಷ್ಟ.

ಜಂಟಿ ಅಧಿವೇಶನವೂ ಹೀಗೆಯೇ. ಸದನಗಳೆರಡೂ ಸೇರಿ ರಾಷ್ಟ್ರಪತಿಗಳ ಭಾಷಣ ಕೇಳುವುದಕ್ಕೂ, ಮಸೂದೆಯೊಂದರ ಮೇಲೆ ಭಿನ್ನಾಭಿಪ್ರಾಯ ಬಂದಾಗ ಕೂಡಿ ಕುಳಿತು ಮತ ಹಾಕುವುದಕ್ಕೂ ಒಂದೇ ಹೆಸರು. ಮೊದಲನೆಯದು ವರ್ಷಂಪ್ರತಿ ನಡೆಯುವುದು. ಎರಡನೆಯದು ಇದುವರೆಗೆ 1961, 1978, 2002ರಲ್ಲಿ ಮೂರೇ ಸಲ ನಡೆದದ್ದು. ಕರ್ನಾಟಕದ ಎರಡು ಸದನಗಳಿಗೆ ಎರಡನೆಯ ಬಗೆಯ ಕೂಟವೇ ಇಲ್ಲ. ಕೂಡುಮತದ ಸಭೆ ಎಂದರೆ ಭೇದ ತಿಳಿಯುವುದು.

ಕೊನೆಯದಾಗಿ ಮಂಡನೆ. ಮಸೂದೆಯನ್ನು ಮೊದಲು ತರುವುದೂ ಮಂಡನೆ, ಕಾಗದಪತ್ರಗಳನ್ನು ಸದನದ ಮುಂದಿಡುವುದೂ ಮಂಡನೆ. 1956ರ ಜಲವಿವಾದ ಅಧಿನಿಯಮದ 6ಎ ಪ್ರಕರಣದಂತೆ ನ್ಯಾಯಮಂಡಳಿಯ ನಿರ್ಣಯವನ್ನು ನಡೆಸುವ ಯೋಜನೆಯನ್ನು ಕೇಂದ್ರ ಸರಕಾರವೇ ರಚಿಸಬಹುದು; ರಚಿಸಿದ ಮೇಲೆ ಅದನ್ನು ಎರಡು ಸದನಗಳ ಮುಂದೆಯೂ ಇಡಬೇಕು; ಎರಡೂ ಸಮ್ಮತಿಸಿದರೆ ಅದನ್ನು ಮಾರ್ಪಡಿಸಬಹುದು. ಕಾವೇರಿ ನೀರಿನ ನಿರ್ವಹಣೆಯ ಪ್ರಾಧಿಕಾರ 2018ರಲ್ಲಿ ಹುಟ್ಟಿದ್ದು ಇಂತಹ ಯೋಜನೆಯಿಂದ. ಇಲ್ಲಿ ಮಂಡನೆ ಎಂದು ಓದಿದ ಪಾಂಡವಪುರದ ರೈತನು, ಇನ್ನು ಚರ್ಚೆಯಾಗಿ ಮತಕ್ಕೆ ಬಿದ್ದ ಮೇಲಲ್ಲವೇ ಜಾರಿ ಎಂದು ಕಾಯುವನು. ಆದರೆ ಯೋಜನೆ ಆಗಲೇ ಜಾರಿಯಲ್ಲಿರುವುದು. ಅದನ್ನು ಬದಲಿಸಬೇಕೆಂದರೆ ಸದನದಲ್ಲಿ ಯಾರಾದರೂ ಎದ್ದುನಿಂತು ಕೇಳಬೇಕು. ಕೇಂದ್ರದ ಕಾಯಿದೆಗಳ ಪ್ರಾದೇಶಿಕ ಭಾಷೆಯ ಅನುವಾದಗಳು ರಾಷ್ಟ್ರಪತಿಗಳ ಅಧಿಕಾರದಿಂದ ರಾಜಪತ್ರದಲ್ಲಿ ಪ್ರಕಟವಾದರೆ ಅವಕ್ಕೆ ಪ್ರಾಮಾಣ್ಯ ಕೊಡುವ ಅಧಿನಿಯಮವು 1973ರಷ್ಟು ಹಿಂದೆಯೇ ಆಗಿರುವುದರಿಂದ, ಇದು ಪತ್ರಿಕೆಯ ಭಾಷೆಯ ಪ್ರಶ್ನೆ ಮಾತ್ರವಲ್ಲ. ಮಸೂದೆಗೆ ಮಂಡಿಸುವುದು, ಯೋಜನೆಗೆ ಇರಿಸುವುದು ಎಂದು ಎರಡು ಕ್ರಿಯಾಪದಗಳನ್ನು ಬೇರೆ ಬೇರೆಯಾಗಿ ಬಳಸಿದರೆ ಸಾಕು.