ಕೆಳಗಿನ ಡೆಕ್ಕಿನ ವಿಜ್ಞಾನ

ರಿವರ್ಸ್ ಸಾಲೊಮನ್ ಅವರ 2017ರ ಅಮೆರಿಕನ್ ಕಾದಂಬರಿ 'ಆ್ಯನ್ ಅನ್‌ಕೈಂಡ್‌ನೆಸ್ ಆಫ್ ಘೋಸ್ಟ್ಸ್' ಬಗ್ಗೆ ಓದುಗರ ತಕರಾರು ಎರಡು: ವಿಜ್ಞಾನ ಕಮ್ಮಿ, ಕ್ರೌರ್ಯ ಜಾಸ್ತಿ.

ಮಟಿಲ್ಡಾ ಎಂಬ ಅಂತರಿಕ್ಷ ನೌಕೆ ತಲೆಮಾರುಗಳಿಂದ ಸಾಗುತ್ತಿದೆ. ಮೇಲಿನ ಡೆಕ್ಕುಗಳಲ್ಲಿ ಬಿಳಿಯರು. ಕೆಳಗೆ, ಹೊಲ ಗೇಯುವ ಕರಿಯರು. ಕೆಳಗಿನವರಿಗೆ ಶಾಖ ಕಡಿತವಾಗಿದೆ. ಚಳಿಗೆ ಕೊಳೆತ ಮಗುವಿನ ಪಾದವನ್ನು ಆ್ಯಸ್ಟರ್ ಕತ್ತರಿಸಬೇಕಾಗುತ್ತದೆ. ಇಲ್ಲಿ ಭಯ ಹುಟ್ಟಿಸೋದು ಪರಗ್ರಹದ ರಾಕ್ಷಸನಲ್ಲ, ಆಡಳಿತ.

ಇನ್ನು ವಿಜ್ಞಾನ. ಆ್ಯಸ್ಟರ್ ಕೆಳಗಿನ ಡೆಕ್ಕಿನವಳು. ಗಿಡ ಬೆಳೆಸಿ ಔಷಧಿ ಮಾಡ್ತಾಳೆ. ತಾಯಿಯ ಗುಪ್ತ ಟಿಪ್ಪಣಿಗಳನ್ನು ಬಿಡಿಸಿ ನೌಕೆಯ ಗುಟ್ಟನ್ನೇ ಹುಡುಕ್ತಾಳೆ. ಇದು ವಿಜ್ಞಾನವಲ್ಲದೆ ಮತ್ತೇನು? ಗೇಯುವವರ ತಿಳಿವಳಿಕೆ ಲೆಕ್ಕಕ್ಕೇ ಬರುವುದಿಲ್ಲ, ಅವರ ನೋವು ಮಾತ್ರ 'ಜಾಸ್ತಿ'ಯಾಗಿ ಕಾಣುತ್ತದೆ.

ಓದುವವರು ಯಾವ ಡೆಕ್ಕಿನಲ್ಲಿ ಕೂತಿದ್ದಾರೆ? ದಲಿತ ವಿಮರ್ಶೆ ಮೊದಲು ಕೇಳಬೇಕಾದದ್ದು ಇದನ್ನೇ.