ಕುರುಡು ಎಂಬ ಬಿರುದು

ಆರಿದ್ರಾ ಮಳೆ ಹಿಡಿದರೆ ಅಡಿಕೆ ತೋಟದ ಗೊಬ್ಬರಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂರುವುದು ನನ್ನ ಚಟ. ಗುದ್ದಲಿ ಕೂಡದು, ಬೆರಳಲ್ಲೇ ಕೆದಕಬೇಕು. ಕಳೆದ ವಾರ ಕೊಳೆತ ಸೋಗೆಯಡಿ ಗೇಣುದ್ದದ ಜೀವವೊಂದು ಸಿಕ್ಕಿತು. ನೇರಳೆಗಂದು ಮೈ, ಮೈತುಂಬ ಉಂಗುರ, ಎರಡೂ ಪಕ್ಕೆಗೆ ಹಳದಿ ಪಟ್ಟೆ. “ಹಾವಿನ ಮರಿ, ಮುಟ್ಟಬೇಡಿ ಅಯ್ಯಾ” ಎಂದು ಕೆಲಸದಾತ ಹಿಂದೆ ಸರಿದ. ಹಾವಲ್ಲ, ಎರೆಹುಳುವೂ ಅಲ್ಲ. ಕಪ್ಪೆಯ ದಾಯಾದಿ, ಸಿಸಿಲಿಯನ್. ಪಟ್ಟೆಯ ಮೇಲಿಂದ ಇಕ್ತಿಯೋಫಿಸ್ ಕುಲದ್ದು ಅಂದುಕೊಂಡೆ. ಅದೇ ಕುಲದ ಒಂದಕ್ಕೆ 2007ರಲ್ಲಿ ಕೊಡಗಿನ ಹೆಸರನ್ನೇ ಇಟ್ಟಿದ್ದಾರೆ.

ಸಿಸಿಲಿಯನ್ ಎಂಬ ಹೆಸರಿನ ಬೇರು ಲ್ಯಾಟಿನ್ನಿನ ‘ಕುರುಡು’. ನನ್ನ ತಕರಾರು ಅಲ್ಲೇ. ಭೂತಗನ್ನಡಿ ಹಿಡಿದು ಇದರ ತಲೆ ನೋಡಿ. ಚರ್ಮದಡಿ ಸಾಸಿವೆಗಿಂತ ಸಣ್ಣ ಕಣ್ಣಿದೆ. ಬೆಳಕು ಬಿತ್ತೋ ಇಲ್ಲವೋ ತಿಳಿದರೆ ಅದಕ್ಕೆ ಸಾಕು. ಕಣ್ಣಿಗೂ ಹೊಳ್ಳೆಗೂ ನಡುವಿನ ಕಿರುಗುಂಡಿಯಿಂದ ಪುಟ್ಟ ಮೀಸೆಯೊಂದು ಹೊರಬಂದು ಒಳಸೇರುತ್ತಿರುತ್ತದೆ. ಮಣ್ಣಿನ ವಾಸನೆಯನ್ನು ಹೊತ್ತು ತಂದು ಒಳಗಿನ ಘ್ರಾಣಾಂಗಕ್ಕೆ ಒಪ್ಪಿಸುವುದು ಅದರ ಕೆಲಸ. ಕಪ್ಪೆ ಹುಳು ನುಂಗುವಾಗ ಕಣ್ಣುಗುಡ್ಡೆ ಒಳಗಿಳಿಯುವುದನ್ನು ಕಂಡಿದ್ದೀರಲ್ಲ? ಗುಡ್ಡೆಯನ್ನು ಎಳೆಯುವ ಆ ಸ್ನಾಯುವೇ ಇಲ್ಲಿ ಮೀಸೆಯನ್ನು ಎಳೆಯುತ್ತದೆ. ಕಣ್ಣನ್ನು ನೆನೆಸಬೇಕಾದ ಗ್ರಂಥಿಯೂ ಮೀಸೆಯನ್ನೇ ನೆನೆಸುತ್ತದೆ. ಕಣ್ಣಿನ ಆಸ್ತಿಯೆಲ್ಲ ಮೀಸೆಯ ಪಾಲಾಗಿದೆ. ಇದಕ್ಕೆ ಕುರುಡು ಎನ್ನುವುದೆ?

ಕೊರೆಯುವ ಉಪಾಯವೂ ಸೊಗಸು. ತಲೆಬುರುಡೆಯ ಮೂಳೆಗಳು ಬೆಸೆದು ಹಾರೆಯ ಮೊನೆಯಂತಾಗಿವೆ. ತೊಗಲು ಮಣ್ಣಿಗೆ ಕಚ್ಚಿ ನಿಂತಿರುವಾಗ ಬೆನ್ನುಮೂಳೆ ಒಳಗೊಳಗೇ ಮುಂದೆ ಸರಿದು ತಲೆಯನ್ನು ದೂಡುತ್ತದೆ. ಉಂಗುರಗಳ ಮಡಿಕೆಯಲ್ಲಿ ಮೀನಿಗಿದ್ದಂತೆ ಹುರುಪೆಗಳೂ ಇವೆ, ಯಾವ ಕಪ್ಪೆಗೂ ಇಲ್ಲದ ಒಡವೆ.

ತಾಯಿ ಹಳ್ಳದ ಬದಿಯ ಹಸಿಮಣ್ಣಿನಲ್ಲಿ ಮೊಟ್ಟೆ ಸುತ್ತಿ ಮಲಗುತ್ತಾಳೆ. ಮರಿಗಳು ನೀರಿಗಿಳಿದು ಬೆಳೆಯುತ್ತವೆ. ಕೆನ್ಯಾದ ಒಂದು ಜಾತಿಯಲ್ಲಿ ಮರಿಗಳು ತಾಯಿಯ ಮೇಲ್ದೊಗಲನ್ನೇ ಕೆರೆದು ತಿನ್ನುತ್ತವೆಂದು 2006ರಲ್ಲಿ ಗೊತ್ತಾಯಿತು. ಓದಿದ ದಿನ ನನಗೆ ಊಟ ಸೇರಲಿಲ್ಲ.

ಇಷ್ಟು ಗುಟ್ಟಿನ ಪ್ರಾಣಿಯ ವೀರ್ಯಾಣು ಹುಟ್ಟುವ ಬಗೆಯನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಆರ್. ಶೇಷಾಚಾರ್ 1930ರ ದಶಕದಲ್ಲೇ ಸೂಕ್ಷ್ಮದರ್ಶಕದಡಿ ಹುಡುಕುತ್ತ ಕೂತಿದ್ದರು. ಮಹಾರಾಷ್ಟ್ರದ ಒಂದು ಸಿಸಿಲಿಯನ್‌ಗೆ 2003ರಲ್ಲಿ ಅವರ ಹೆಸರಿಟ್ಟರು. ಅದರ ಕುಲದಲ್ಲಿ ಕಣ್ಣಿನ ಮೇಲೆ ತೊಗಲಷ್ಟೇ ಅಲ್ಲ, ಮೂಳೆಯೂ ಮುಚ್ಚಿರುತ್ತದೆ.

ನನ್ನದು ಮೂಗನ್ನು ಮಣ್ಣಿಗಿಟ್ಟು ಒಮ್ಮೆ ಒತ್ತಿತು. ಹಳದಿ ಪಟ್ಟೆ ಜಾರಿ ಜಾರಿ ಮಾಯವಾಯಿತು. ನಾನು ಸೋಗೆ ಮುಚ್ಚಿದೆ.

“ನಾಳೆ ಗೊಬ್ಬರ ಎಲ್ಲಿಂದ ತೆಗೀಲಿ ಅಯ್ಯಾ?”

“ಆ ಕಡೆಯಿಂದ.”